ಬೆಸಾಂವ್ ಕೊಡುವ ಕೈ ಕ್ಷಮೆಯನ್ನೂ ಕೇಳಲಿ

ಕ್ರಿಸ್ಮಸ್ ಕಳೆದು ಹೊಸ ವರ್ಷದ ಮೊದಲ ವಾರ ನಡೆದಿದೆ. ಗೋದಲಿಯ ಅಂಗಳಕ್ಕೆಂದು ಮೊಳೆಸಿಟ್ಟ ಭತ್ತದ ಪೈರು ಹಳದಿಗೆ ತಿರುಗಿದೆ. ನೆರೆಹೊರೆಯವರಿಗೆ ಹಂಚಿ ಉಳಿದ ಕುಸ್ವಾರ್ ಡಬ್ಬಿಯ ತಳ ಸೇರಿದೆ. ನೆವ್ರಿ ಮುಗಿದು ನಾಲ್ಕು ಕಿಡಿಯೊ, ಎರಡು ಚಕ್ಕುಲಿ ಉಳಿದಿವೆ. ಹಬ್ಬಕ್ಕೆ ಬಂದ ಮಕ್ಕಳು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ಕೆಲವರು ಬೆಂಗಳೂರಿನ ರಾತ್ರಿ ಬಸ್ಸಿಗೆ, ಕೆಲವರು ಮುಂಬಯಿಯ ರೈಲಿಗೆ, ಇನ್ನು ಕೆಲವರು ವಿಮಾನ ನಿಲ್ದಾಣಕ್ಕೆ. ಅವರ ಚೀಲಗಳಲ್ಲಿ ಬಫಾತ್ ಪುಡಿ, ಒಣಮೀನು, ಉಪ್ಪಿನಕಾಯಿಯ ಜಾಡಿಗಳನ್ನು ತುರುಕಿ, ಗೇಟಿನವರೆಗೆ ಹೋಗಿ ಕೈಬೀಸಿ, ತಿರುಗಿ ಬಂದು ಬರಿದಾದ ಕೋಣೆಗಳ ಹಾಸಿಗೆ ಮಡಚುತ್ತಿರುವ ತಾಯಂದಿರು ನಮ್ಮ ಕರಾವಳಿಯ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಅವರಲ್ಲಿ ನಾನೂ ಒಬ್ಬಳು.

ಇಂತಹ ಹೊತ್ತಿನಲ್ಲಿ ಕುಟುಂಬ ಜೀವನದ ಬಗ್ಗೆ ಬರೆಯಲು ಕುಳಿತ ತಾಯಿಯ ಲೇಖನಿ ತಾನಾಗಿಯೇ ಒಂದು ದಾರಿ ಹಿಡಿಯುತ್ತದೆ. ಇಂದಿನ ಮಕ್ಕಳಿಗೆ ಪ್ರಾರ್ಥನೆ ಬೇಡ, ಮೊಬೈಲು ಸಾಕು, ಹಿರಿಯರೆಂದರೆ ಗೌರವವಿಲ್ಲ, ತೇರ್ಸ್‌ಗೆ ಮೊಣಕಾಲೂರಲು ಹೇಳಿದರೆ ಸೊಂಟ ನೋವು ಎನ್ನುತ್ತಾರೆ. ಈ ದೂರುಗಳಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಆದರೆ ಈ ಅಂಕಣದ ವಾಚಕರು ಅವುಗಳನ್ನು ಬಹಳ ಸಲ ಓದಿದ್ದಾರೆ. ನಮ್ಮ ಪ್ರವಚನ ಪೀಠಗಳಿಂದಲೂ ಅವು ಬಹಳ ಸಲ ಕೇಳಿಬಂದಿವೆ. ಮಕ್ಕಳು ತಂದೆತಾಯಿಗೆ ಏನು ಸಲ್ಲಿಸಬೇಕು ಎಂಬ ಲೆಕ್ಕವನ್ನು ನಾವು ಚೆನ್ನಾಗಿಯೇ ಬರೆದಿಟ್ಟಿದ್ದೇವೆ. ತಂದೆತಾಯಿ ಮಕ್ಕಳಿಗೆ ಸಲ್ಲಿಸದೆ ಉಳಿಸಿಕೊಂಡ ಬಾಕಿಯ ಲೆಕ್ಕವನ್ನು ಮಾತ್ರ ಯಾರೂ ತೆರೆಯುವುದಿಲ್ಲ. ವರ್ಷದ ಆರಂಭದಲ್ಲಿ ಆ ಪುಟವನ್ನು ತೆರೆಯೋಣ ಎಂಬುದು ನನ್ನ ನಮ್ರ ವಿನಂತಿ.

ನೇರವಾಗಿ ಹೇಳುವುದಾದರೆ, ನಮ್ಮ ಮನೆಗಳಲ್ಲಿ ಕಿರಿಯರು ಹಿರಿಯರ ಆಶೀರ್ವಾದ ಬೇಡುತ್ತಾರೆ. ಹಿರಿಯರು ಕಿರಿಯರ ಕ್ಷಮೆ ಬೇಡುವುದಿಲ್ಲ. ಮೊದಲನೆಯದು ಉಳಿಯಬೇಕಾದರೆ ಎರಡನೆಯದು ಆರಂಭವಾಗಬೇಕು.

ಒಂದು ಸುಂದರ ವಾಡಿಕೆ

ಬೆಸಾಂವ್ ಬೇಡುವ ವಾಡಿಕೆಯನ್ನು ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಸಂಜೆಯ ತೇರ್ಸ್ ಮುಗಿದ ಬಳಿಕ ಮನೆಯ ಕಿರಿಯರು ಕೈಮುಗಿದು ಹಿರಿಯರೊಬ್ಬೊಬ್ಬರ ಮುಂದೆ ನಿಂತು ಬೆಸಾಂವ್ ಕೇಳುವುದು, ಹಿರಿಯರು ದೇವರ ಹೆಸರಿನಲ್ಲಿ ಹರಸುವುದು ನಮ್ಮ ಪೂರ್ವಜರಿಂದ ಬಂದ ಪದ್ಧತಿ. ಮದುಮಗಳು ತವರು ಬಿಟ್ಟು ಹೊರಡುವಾಗ, ಮಗ ಊರು ಬಿಟ್ಟು ಕೆಲಸಕ್ಕೆ ಹೋಗುವಾಗ, ಹಿರಿಯರು ಮರಣಶಯ್ಯೆಯಲ್ಲಿರುವಾಗ ಈ ಒಂದು ಶಬ್ದಕ್ಕೆ ಇರುವ ತೂಕ ಬೇರೆ ಶಬ್ದಕ್ಕೆ ಇಲ್ಲ. ಪ್ರತಿದಿನದ ತೇರ್ಸ್ ನಿಂತುಹೋಗಿರುವ ಮನೆಗಳಲ್ಲಿಯೂ ಡಿಸೆಂಬರ್ 31ರ ರಾತ್ರಿ ಅಥವಾ ಜನವರಿ 1ರ ಮುಂಜಾನೆ ಇದು ತಪ್ಪುವುದಿಲ್ಲ.

ಧರ್ಮಸಭೆಯ ಪೂಜಾವಿಧಿಯೂ ಈ ವಾಡಿಕೆಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಲೋಕಕ್ಕೆ ಜನವರಿ 1 ಹೊಸ ವರ್ಷದ ದಿನವಾದರೆ, ನಮಗೆ ಅದು ಕ್ರಿಸ್ಮಸ್ಸಿನ ಎಂಟನೆಯ ದಿನ, ದೇವಮಾತೆ ಮರಿಯಮ್ಮನವರ ಮಹೋತ್ಸವ. 1968ರಿಂದ ಅದು ವಿಶ್ವ ಶಾಂತಿ ದಿನವೂ ಹೌದು. ಜಗದ್ಗುರು ಆರನೆಯ ಪೌಲರು ಅದನ್ನು ಆರಂಭಿಸಿದರು. ಅಂದಿನ ಬಲಿಪೂಜೆಯ ಮೊದಲನೆಯ ವಾಚನ ಸಂಖ್ಯಾಕಾಂಡದ 6ನೆಯ ಅಧ್ಯಾಯದ್ದು. ಇಸ್ರಯೇಲರನ್ನು ಹೇಗೆ ಹರಸಬೇಕೆಂಬುದನ್ನು ಸರ್ವೇಶ್ವರ ಸ್ವಾಮಿ ಮೋಶೆಯ ಮೂಲಕ ಆರೋನನಿಗೂ ಅವನ ಮಕ್ಕಳಿಗೂ ಕಲಿಸಿಕೊಟ್ಟ ಪ್ರಸಂಗವದು. ಅಂದರೆ ವರ್ಷದ ಮೊದಲ ದಿನ ನಾವು ದೇವಾಲಯದಲ್ಲಿ ಕೇಳುವ ಮೊದಲ ಪಾಠವೇ ಆಶೀರ್ವಾದದ ಪಾಠ.

ಆ ಆಶೀರ್ವಾದದಲ್ಲಿ ದೇವರ ಮುಖದ ಮಾತು ಎರಡು ಸಲ ಬರುತ್ತದೆ. ಕೊನೆಯಲ್ಲಿ ಶಾಂತಿಯ ಮಾತು ಬರುತ್ತದೆ. ನನಗೆ ತಿಳಿದ ಮಟ್ಟಿಗೆ ಇದರ ಅರ್ಥ ಸರಳ. ಹರಸುವವನು ಹರಕೆ ಪಡೆಯುವವನ ಕಡೆಗೆ ಮುಖ ತಿರುಗಿಸಿರಬೇಕು. ಮುಖ ತಿರುವಿಕೊಂಡು ಕೈಯನ್ನು ಮಾತ್ರ ತಲೆಯ ಮೇಲಿಟ್ಟರೆ ಅದು ವಾಡಿಕೆಯಾದೀತೇ ಹೊರತು ಆಶೀರ್ವಾದವಾಗಲಾರದು. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಮನೆಯಲ್ಲಿಯೇ, ತಡವಾಗಿ ಕಲಿತೆ.

ಊಟದ ಮೇಜಿನ ಒಂದು ಮಾತು

ನಮ್ಮ ಹಿರಿಯ ಮಗ ಕೊಲ್ಲಿ ರಾಷ್ಟ್ರವೊಂದರಲ್ಲಿ ಕೆಲಸಕ್ಕಿದ್ದನು. ಸಾಲ ಮಾಡಿ ಕಳುಹಿಸಿದ್ದೆವು. ಎರಡು ವರ್ಷವೂ ತುಂಬುವ ಮೊದಲೇ, 2018ರ ಕೊನೆಯಲ್ಲಿ, ಅವನು ಕೆಲಸ ಬಿಟ್ಟು ಊರಿಗೆ ಮರಳಿದನು. ಕೇಳಿದವರಿಗೆಲ್ಲ ‘ಸರಿಹೊಂದಲಿಲ್ಲ’ ಎಂದಷ್ಟೇ ಹೇಳುತ್ತಿದ್ದನು. ಮನೆಯ ಸಾಲ, ಮಗಳ ಕಾಲೇಜು ಶುಲ್ಕ, ನೆಂಟರಿಷ್ಟರ ಪ್ರಶ್ನೆಗಳು ಎಲ್ಲವೂ ನನ್ನ ತಲೆಯ ಮೇಲೆ ಕುಳಿತಿದ್ದವು.

2019ರ ಜನವರಿ 1ರ ಮಧ್ಯಾಹ್ನ ನಮ್ಮ ಮನೆಯಲ್ಲಿ ನೆಂಟರು ಸೇರಿದ್ದರು. ಸಣ್ಣ, ಹಂದಿಮಾಂಸದ ಬಫಾತ್, ಕೋಳಿ ಸಾರು ಎಲ್ಲವೂ ಮೇಜಿನ ಮೇಲಿದ್ದವು. ಯಾರೋ ತಮ್ಮ ಮಗ ಅಲ್ಲಿ ಮನೆ ಮಾಡಿದ, ಕಾರು ಕೊಂಡ ಎಂದು ಹೇಳುತ್ತಿದ್ದರು. ನಾನು ನನ್ನ ಮಗನ ಕಡೆಗೆ ನೋಡದೆಯೇ, ಎಲ್ಲರಿಗೂ ಕೇಳಿಸುವಂತೆ ಹೇಳಿದೆ: ‘ಎಲ್ಲರಿಗೂ ಆ ಭಾಗ್ಯ ಇರಬೇಕಲ್ಲ. ನಮ್ಮವನು ತಂದೆಯ ಬೆವರನ್ನು ಮರಳಿನಲ್ಲಿ ಸುರಿದು ಬಂದ.’

ಮೇಜು ಒಂದು ಕ್ಷಣ ಮೌನವಾಯಿತು. ಬಳಿಕ ಯಾರೋ ನಕ್ಕರು, ಮಾತು ಬೇರೆ ಕಡೆಗೆ ಹರಿಯಿತು. ನನ್ನ ಮಗ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡು, ತಟ್ಟೆ ತೊಳೆದಿಟ್ಟು ಹೊರಗೆ ಹೋದನು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಸಣ್ಣದೊಂದು ಕೆಲಸ ಹುಡುಕಿಕೊಂಡನು. ಅಂದಿನಿಂದ ಪ್ರತಿ ಭಾನುವಾರ ದೂರವಾಣಿ ಮಾಡುತ್ತಿದ್ದನು. ಔಷಧ ತೆಗೆದುಕೊಂಡಿರಾ, ಮಳೆ ಬಂತೇ, ಹಣ ಕಳುಹಿಸಿದ್ದೇನೆ, ಇಷ್ಟೇ ಮಾತು. ಅವನು ಅಗೌರವ ತೋರಲಿಲ್ಲ. ಬಂದಾಗ ಬೆಸಾಂವ್ ಕೇಳುವುದನ್ನೂ ಬಿಡಲಿಲ್ಲ. ಆದರೆ ಅವನ ಕಣ್ಣು ನನ್ನ ಕಣ್ಣನ್ನು ಸೇರುತ್ತಿರಲಿಲ್ಲ. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು, ತಾಯಿಗೆ ಅಷ್ಟೂ ಹೇಳುವ ಹಕ್ಕಿಲ್ಲವೇ ಎಂದು ನಾನೂ ಬಿಗಿದುಕೊಂಡಿದ್ದೆ. ಹೀಗೆ ಮೂರು ವರ್ಷಗಳು ಕಳೆದವು.

ಅತ್ತೆಯವರು ತೋರಿದ ದಾರಿ

2021ರ ಡಿಸೆಂಬರ್ 31ರ ರಾತ್ರಿ. ನನ್ನ ಅತ್ತೆಯವರಿಗೆ ಆಗ 86 ವರ್ಷ. ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲವಾದ್ದರಿಂದ ಅವರ ಕೋಣೆಯಲ್ಲಿಯೇ ತೇರ್ಸ್ ನಡೆಯಿತು. ಬಳಿಕ ಎಲ್ಲರೂ ಸಾಲಾಗಿ ಬೆಸಾಂವ್ ಕೇಳಿದೆವು. ನನ್ನ ಸರದಿ ಬಂದಾಗ ಅವರು ಕೈ ಎತ್ತಲಿಲ್ಲ. ನನ್ನ ಕೈಯನ್ನು ಹಿಡಿದುಕೊಂಡರು.

‘ಮೊದಲು ನಿನ್ನಲ್ಲಿ ನಾನು ಒಂದನ್ನು ಕೇಳಬೇಕು’ ಎಂದರು. ‘ನಿನ್ನ ಮೊದಲ ಬಾಣಂತನದಲ್ಲಿ ಕೂಸು ಹೆಣ್ಣೆಂದು ತಿಳಿದಾಗ ಆಸ್ಪತ್ರೆಯ ಬಾಗಿಲಿನಲ್ಲಿ ನಿಂತು ನಾನೊಂದು ಮಾತು ಆಡಿದೆ. ನಿನಗೆ ಕೇಳಿಸಿತ್ತು. ನೀನು ಯಾರಿಗೂ ಹೇಳಲಿಲ್ಲ. ಆ ಕೂಸು ಹತ್ತು ದಿನವೂ ಉಳಿಯಲಿಲ್ಲ. ಗುರುಗಳಲ್ಲಿ ಪಾಪನಿವೇದನೆ ಮಾಡಿದ್ದೇನೆ. ನಿನ್ನಲ್ಲಿ ಕೇಳಲು ಇಷ್ಟು ವರ್ಷ ಧೈರ್ಯವಾಗಲಿಲ್ಲ.’

ನನಗೆ ಮಾತು ಹೊರಡಲಿಲ್ಲ. ಮೂವತ್ತೈದು ವರ್ಷಗಳ ಹಿಂದಿನ ಆ ಮಾತು ನಿಜವಾಗಿಯೂ ನನಗೆ ಕೇಳಿಸಿತ್ತು. ಅದನ್ನು ನಾನು ಮರೆತಿದ್ದೇನೆಂದು ತಿಳಿದಿದ್ದೆ. ಮರೆತಿರಲಿಲ್ಲ. ಅವರಿಗೆ ಅನ್ನ ಬಡಿಸುವಾಗ, ಸ್ನಾನ ಮಾಡಿಸುವಾಗ, ಔಷಧ ಕುಡಿಸುವಾಗ ನನ್ನ ಕೈ ಕರ್ತವ್ಯವನ್ನು ಮಾಡುತ್ತಿತ್ತು. ಮನಸ್ಸು ಬಾಗಿಲಿನಾಚೆ ನಿಂತಿತ್ತು. ಅಂದು ಅದು ಒಳಗೆ ಬಂದಿತು. ಬಳಿಕ ಅವರು ಬೆಸಾಂವ್ ಕೊಟ್ಟರು. ಆ ಮನೆಗೆ ಸೊಸೆಯಾಗಿ ಬಂದು ಅಷ್ಟು ವರ್ಷಗಳಾದ ಮೇಲೆ, ಅವರ ಆಶೀರ್ವಾದ ನನಗೆ ತಲುಪಿದ್ದು ಅಂದು ಮೊದಲ ಬಾರಿಗೆ ಎಂದರೆ ಅತಿಶಯೋಕ್ತಿಯಲ್ಲ. 2022ರ ತಪಸ್ಸುಕಾಲದಲ್ಲಿ ಅವರು ತೀರಿಕೊಂಡರು. ನಾನು ಅತ್ತದ್ದು ನೆಂಟರಿಗೆ ತೋರಿಸಲೆಂದಲ್ಲ.

ವಾಚಕರು ಕೇಳಬಹುದು: ಮರುದಿನವೇ ಮಗನಲ್ಲಿ ಕ್ಷಮೆ ಕೇಳಿದಿರಾ? ಇಲ್ಲ. ಅತ್ತೆಯವರ ಶವಸಂಸ್ಕಾರಕ್ಕೆ ಮಗ ಬಂದಿದ್ದನು. ಶವಪೆಟ್ಟಿಗೆಯ ಆಚೆ ಅವನು, ಈಚೆ ನಾನು ನಿಂತಿದ್ದೆವು. ಆಗಲೂ ಕೇಳಲಿಲ್ಲ. ಕ್ಷಮೆ ಪಡೆಯುವುದರ ಸುಖವನ್ನು ಅರಿತಿದ್ದರೂ ಬೇಡುವುದರ ಕಷ್ಟ ಹಾಗೆಯೇ ಉಳಿದಿತ್ತು. ಕ್ರಿಸ್ಮಸ್ಸಿನ ಮುಂಚಿನ ಪಾಪನಿವೇದನೆಯಲ್ಲಿ ಗುರುಗಳ ಮುಂದೆ ‘ಸಿಟ್ಟು ಮಾಡಿದ್ದೇನೆ’ ಎಂದು ಹೇಳುವುದು ಸುಲಭ. ಯಾರ ಮೇಲೆ ಸಿಟ್ಟು ಮಾಡಿದೆವೋ ಅವರ ಮುಂದೆ ನಿಂತು ಹೇಳುವುದು ಅಷ್ಟು ಸುಲಭವಲ್ಲ.

ಕೊನೆಗೆ 2022ರ ಡಿಸೆಂಬರ್ 31ರ ರಾತ್ರಿ ಆ ಘಳಿಗೆ ಬಂದಿತು. ಮಗ ವಾಡಿಕೆಯಂತೆ ಕೈಮುಗಿದು ನಿಂತನು. ನಾನು ಅವನ ಎರಡೂ ಕೈಗಳನ್ನು ಹಿಡಿದು, ‘ಪುತಾ, ಅಂದು ಊಟದ ಮೇಜಿನಲ್ಲಿ ನಾನು ಆಡಿದ್ದು ತಪ್ಪು. ಎಲ್ಲರ ಮುಂದೆ ಆಡಿದ್ದು ಇನ್ನೂ ದೊಡ್ಡ ತಪ್ಪು. ನನ್ನನ್ನು ಕ್ಷಮಿಸು’ ಎಂದೆ.

ಅವನು ನನ್ನನ್ನು ಅಪ್ಪಿಕೊಳ್ಳಲಿಲ್ಲ. ‘ಅದೆಲ್ಲ ಈಗ ಯಾಕೆ ಮಮ್ಮಿ’ ಎಂದು ಕೈ ಬಿಡಿಸಿಕೊಂಡು ಅಂಗಳಕ್ಕೆ ಹೋದನು. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನ ಬಲಿಪೂಜೆ ಮುಗಿಸಿ ಬರುವಾಗ ಅವನು ದಾರಿಯಲ್ಲಿ ಕಾರು ನಿಲ್ಲಿಸಿ, ರಸ್ತೆಯನ್ನೇ ನೋಡುತ್ತಾ ಹೇಳತೊಡಗಿದನು. ಅಲ್ಲಿ ಅವನಿಗೆ ಐದು ತಿಂಗಳು ಸಂಬಳ ಕೊಟ್ಟಿರಲಿಲ್ಲ. ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿತ್ತು. ಒಂದೇ ಕೋಣೆಯಲ್ಲಿ ಹನ್ನೊಂದು ಜನ. ಊರಿನ ಸಾಲದ ಕಂತಿಗೆಂದು ಅವನು ಕಳುಹಿಸಿದ ಹಣದಲ್ಲಿ ಕೊನೆಯ ನಾಲ್ಕು ಕಂತುಗಳು ಅವನು ಜೊತೆಗಾರರಿಂದ ಕೈಸಾಲ ಪಡೆದವು. ಮರಳಿ ಬಂದ ಮೇಲೆ ಬೆಂಗಳೂರಿನಲ್ಲಿ ದುಡಿದು ಅದನ್ನು ತೀರಿಸಿದ್ದನು. ‘ನಿಮಗೆ ಚಿಂತೆಯಾಗುತ್ತದೆಂದು ಹೇಳಲಿಲ್ಲ’ ಎಂದನು. ‘ನೀವೂ ಕೇಳಲಿಲ್ಲ.’

ಆ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಪವಿತ್ರ ಕುಟುಂಬದ ಪಾಠ

ಕ್ರಿಸ್ಮಸ್ಸಿನ ಬಳಿಕದ ಭಾನುವಾರ ನಾವು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತೇವೆ. ಹದಿಮೂರನೆಯ ಲಿಯೋ ಜಗದ್ಗುರುಗಳ ಕಾಲದಲ್ಲಿ, 1893ರಲ್ಲಿ, ಇದಕ್ಕೆ ಅನುಮತಿ ದೊರೆಯಿತು. 1921ರಲ್ಲಿ ಹದಿನೈದನೆಯ ಬೆನೆಡಿಕ್ಟರು ಇದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಅಂದು ನಾವು ಕೇಳುವ ವಾಚನಗಳಲ್ಲಿ ಸಿರಾಖನ ಗ್ರಂಥದ 3ನೆಯ ಅಧ್ಯಾಯದ ಭಾಗ ಚಿರಪರಿಚಿತ. ಮುಪ್ಪಿನ ತಂದೆಯ ಬುದ್ಧಿ ಮಂಕಾದರೂ ಅವನನ್ನು ಹಗುರವಾಗಿ ಕಾಣಬಾರದೆಂದು ಅದು ಮಕ್ಕಳಿಗೆ ಬೋಧಿಸುತ್ತದೆ. ನಾವು ಹಿರಿಯರು ಈ ವಾಚನವನ್ನು ತಲೆದೂಗುತ್ತಾ ಕೇಳುತ್ತೇವೆ. ಪಕ್ಕದಲ್ಲಿ ಕುಳಿತ ಮಗನ ಕಡೆಗೆ ಒಮ್ಮೆ ನೋಡುವುದೂ ಉಂಟು.

ಆದರೆ ಅದೇ ಹಬ್ಬದ ಇನ್ನೊಂದು ವಾಚನ ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೆಯ ಅಧ್ಯಾಯದ್ದು. ಅಲ್ಲಿ ಮಕ್ಕಳಿಗೆ ವಿಧೇಯತೆಯನ್ನು ಬೋಧಿಸಿದ ಪ್ರೇಷಿತರು ಅಲ್ಲಿಗೇ ನಿಲ್ಲಿಸುವುದಿಲ್ಲ. ಮರುಕ್ಷಣವೇ ತಂದೆಯರ ಕಡೆಗೆ ತಿರುಗಿ, ಮಕ್ಕಳನ್ನು ಕೆಣಕಿ ಅವರ ಎದೆಗುಂದಿಸಬೇಡಿರಿ ಎಂಬ ಅರ್ಥದ ಎಚ್ಚರಿಕೆ ಕೊಡುತ್ತಾರೆ. ಎರಡು ಮಾತುಗಳೂ ಒಂದೇ ಉಸಿರಿನಲ್ಲಿ ಬರುತ್ತವೆ. ನಾವು ಮೊದಲಿನದನ್ನು ಮಕ್ಕಳಿಗೆ ಕಂಠಪಾಠ ಮಾಡಿಸಿದ್ದೇವೆ. ಎರಡನೆಯದು ನಮ್ಮ ಕಿವಿಗೆ ಬಿದ್ದೇ ಇಲ್ಲ.

ಸಂತ ಲೂಕನ ಶುಭಸಂದೇಶದ 2ನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷದ ಬಾಲ ಯೇಸು ಜೆರುಸಲೇಮಿನ ದೇವಾಲಯದಲ್ಲಿ ಉಳಿದುಹೋದ ಪ್ರಸಂಗವಿದೆ. ಮೂರು ದಿನಗಳ ಹುಡುಕಾಟದ ನಂತರ ಮಗನನ್ನು ಕಂಡ ಮರಿಯಮ್ಮನವರು ಮೊದಲು ಮಾಡಿದ್ದೇನು? ಹೀಗೇಕೆ ಮಾಡಿದೆಯೆಂದು ಪ್ರಶ್ನೆ ಕೇಳಿದರು. ತಮ್ಮ ಸಂಕಟವನ್ನೂ ಮುಚ್ಚಿಡದೆ ಹೇಳಿದರು. ಮಗ ಕೊಟ್ಟ ಉತ್ತರ ಅವರಿಗಾಗಲಿ ಜೋಸೆಫರಿಗಾಗಲಿ ಅರ್ಥವಾಗಲಿಲ್ಲವೆಂದು ಶುಭಸಂದೇಶವೇ ಹೇಳುತ್ತದೆ. ಅರ್ಥವಾಗದ ಉತ್ತರವನ್ನು ಆ ತಾಯಿ ತಳ್ಳಿಹಾಕಲಿಲ್ಲ, ಮನದಲ್ಲಿ ಇಟ್ಟುಕೊಂಡರು. ನಾನಾದರೋ ಪ್ರಶ್ನೆಯನ್ನೇ ಕೇಳದೆ ತೀರ್ಪು ಕೊಟ್ಟಿದ್ದೆ. ಅದೂ ನೆಂಟರ ಮುಂದೆ.

ಹಿರಿತನ ಕುಂದೀತೇ?

ಈ ವಿಚಾರವನ್ನು ನಮ್ಮ ವಾಳೆಯ ಕೂಟವೊಂದರಲ್ಲಿ ಆಡಿದಾಗ ಹಿರಿಯರೊಬ್ಬರು ಆಕ್ಷೇಪಿಸಿದರು. ತಂದೆತಾಯಿ ಮಕ್ಕಳ ಮುಂದೆ ತಲೆಬಾಗಿದರೆ ಮಕ್ಕಳು ತಲೆಯ ಮೇಲೆ ಏರಿ ಕೂರುವುದಿಲ್ಲವೇ? ಮೊದಲೇ ಶಿಸ್ತು ಸಡಿಲವಾಗಿರುವ ಕಾಲದಲ್ಲಿ ಇರುವ ಅಲ್ಪಸ್ವಲ್ಪ ಹಿರಿತನವನ್ನೂ ಕಳೆದುಕೊಳ್ಳಬೇಕೇ?

ಆಕ್ಷೇಪ ಕಡೆಗಣಿಸುವಂತಹದ್ದಲ್ಲ. ಆದರೆ ಧರ್ಮಸಭೆಯನ್ನು ನಾವು ತಾಯಿಯೆಂದು ಕರೆಯುತ್ತೇವಲ್ಲವೇ? 2000ನೆಯ ಇಸವಿಯ ಜೂಬಿಲಿ ವರ್ಷದಲ್ಲಿ, ಮಾರ್ಚ್ 12ರಂದು, ತಪಸ್ಸುಕಾಲದ ಮೊದಲನೆಯ ಭಾನುವಾರ, ಜಗದ್ಗುರು ಎರಡನೆಯ ಜಾನ್ ಪೌಲರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಧರ್ಮಸಭೆಯ ಮಕ್ಕಳು ಶತಮಾನಗಳಲ್ಲಿ ಮಾಡಿದ ತಪ್ಪುಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಆಗ ಅವರಿಗೆ 79 ವರ್ಷ. ದೇಹ ಬಾಗಿತ್ತು, ಕೈ ನಡುಗುತ್ತಿತ್ತು. ಅದರಿಂದ ಅವರ ಹಿರಿತನ ಕುಂದಿತೇ? 2014ರಲ್ಲಿ ಧರ್ಮಸಭೆ ಅವರನ್ನು ಸಂತರ ಪಟ್ಟಿಗೆ ಸೇರಿಸಿತು. ಅಷ್ಟು ದೊಡ್ಡ ಪೀಠದಲ್ಲಿ ಕುಳಿತವರಿಗೆ ಸಾಧ್ಯವಾದದ್ದು ನಮ್ಮ ಊಟದ ಮೇಜಿನ ತಲೆಯಲ್ಲಿ ಕುಳಿತವರಿಗೆ ಅಸಾಧ್ಯವೆನ್ನಲು ಕಾರಣವಿಲ್ಲ.

2025ರ ಏಪ್ರಿಲ್‌ನಲ್ಲಿ ನಮ್ಮನ್ನಗಲಿದ ಜಗದ್ಗುರು ಫ್ರಾನ್ಸಿಸರು ಕುಟುಂಬಗಳಿಗೆ ಮೂರು ಮಾತುಗಳನ್ನು ಪದೇ ಪದೇ ಕಲಿಸಿದರು. 2015ರ ಮೇ 13ರ ಸಾರ್ವಜನಿಕ ಸಂದರ್ಶನದಲ್ಲಿ ಅವುಗಳನ್ನು ವಿವರವಾಗಿ ಬೋಧಿಸಿ, 2016ರಲ್ಲಿ ಕುಟುಂಬ ಪ್ರೇಮದ ಬಗ್ಗೆ ಬರೆದ ಪ್ರಬೋಧನ ಪತ್ರದಲ್ಲಿಯೂ ಸೇರಿಸಿದರು. ಅನುಮತಿ ಕೇಳುವ ಮಾತು, ಕೃತಜ್ಞತೆಯ ಮಾತು, ಕ್ಷಮೆಯ ಮಾತು. ಈ ಮೂರನ್ನು ಅವರು ಮಕ್ಕಳಿಗೆ ಮಾತ್ರ ಹೇಳಲಿಲ್ಲ, ಇಡೀ ಮನೆಗೆ ಹೇಳಿದರು. ಮನೆಯಲ್ಲಿ ಶಾಂತಿ ಮಾಡಿಕೊಳ್ಳದೆ ದಿನವನ್ನು ಮುಗಿಸಬೇಡಿ ಎಂಬುದೂ ಅವರ ಹಿತವಚನವಾಗಿತ್ತು. ನಾವು ದಿನವನ್ನಷ್ಟೇ ಅಲ್ಲ, ವರ್ಷಗಳನ್ನೇ ಹಾಗೆ ಮುಗಿಸುತ್ತಿದ್ದೇವೆ.

ನನ್ನ ಅನುಭವದಲ್ಲಿ ಹಿರಿತನ ಕುಂದಲಿಲ್ಲ. ಮಗ ಈಗ ನನ್ನ ಮಾತಿಗೆ ಮೊದಲಿಗಿಂತ ಹೆಚ್ಚು ಬೆಲೆ ಕೊಡುತ್ತಾನೆ; ಒಪ್ಪದಿದ್ದರೆ ಒಪ್ಪಿಲ್ಲವೆಂದು ಹೇಳುತ್ತಾನೆ. ಮಕ್ಕಳಿಗೆ ತಂದೆತಾಯಿಯ ತಪ್ಪುಗಳು ಮೊದಲೇ ಗೊತ್ತಿರುತ್ತವೆ. ತಪ್ಪು ಒಪ್ಪಿಕೊಂಡಾಗ ಅವರಿಗೆ ಹೊಸದಾಗಿ ತಿಳಿಯುವುದು ಒಂದೇ: ಅದು ತಪ್ಪೆಂದು ನಮಗೂ ಗೊತ್ತಿದೆ ಎಂಬುದು.

ಬಾಯಿಮಾತು ಸಾಲದು

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕ್ಷಮೆಯ ಮಾತು ನಮ್ಮ ಸಮಾಜದಲ್ಲಿ ಕೆಲವೊಮ್ಮೆ ದುರ್ಬಳಕೆಯಾಗುತ್ತದೆ. ಪ್ರತಿ ಶನಿವಾರ ಕುಡಿದು ಬಂದು ಹೆಂಡತಿಗೆ ಹೊಡೆಯುವವನು ಪ್ರತಿ ಭಾನುವಾರ ಕ್ಷಮೆ ಕೇಳುತ್ತಾನೆ. ‘ಕ್ಷಮಿಸಿಬಿಡು, ಕ್ರೈಸ್ತ ಹೆಣ್ಣಲ್ಲವೇ’ ಎಂದು ಅವಳಿಗೆ ಬುದ್ಧಿ ಹೇಳಲು ನಾಲ್ಕು ಜನ ಸೇರುತ್ತಾರೆ. ಇದನ್ನು ನಾನು ಕ್ಷಮೆಯೆನ್ನಲಾರೆ. ಅಂತಹ ಮನೆಯಲ್ಲಿ ಮೊದಲು ಬೇಕಾದದ್ದು ಆ ತಾಯಿಗೂ ಮಕ್ಕಳಿಗೂ ರಕ್ಷಣೆ.

ಪಾಪನಿವೇದನೆಯ ಸಂಸ್ಕಾರದಲ್ಲಿ ಪಾಪಿಯ ಪಾಲಿಗೆ ಮೂರು ಕಾರ್ಯಗಳಿವೆಯೆಂದು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಪಶ್ಚಾತ್ತಾಪ, ನಿವೇದನೆ, ಪರಿಹಾರ. ಮನೆಯೊಳಗಿನ ಕ್ಷಮಾಪಣೆಗೂ ಇದೇ ಅಳತೆಗೋಲು ಸಾಕು. ಪಶ್ಚಾತ್ತಾಪವೆಂದರೆ, ‘ನಿನಗೆ ನೋವಾಗಿದ್ದರೆ ಕ್ಷಮಿಸು’ ಎಂಬ ಜಾಣ ಮಾತನ್ನು ಬಿಟ್ಟು ‘ನಾನು ನೋಯಿಸಿದೆ’ ಎಂದು ಅರಿಯುವುದು. ನಿವೇದನೆಯೆಂದರೆ, ಯಾವ ಮಾತು, ಯಾವ ದಿನ, ಯಾರ ಮುಂದೆ ಎಂಬುದನ್ನು ಹೆಸರಿಟ್ಟು ಹೇಳುವುದು. ಪರಿಹಾರವೆಂದರೆ, ಕೆಡಿಸಿದ್ದನ್ನು ಆದಷ್ಟು ಸರಿಪಡಿಸುವುದು. ನಾನು ನೆಂಟರ ಮುಂದೆ ಮಗನನ್ನು ಹೀಯಾಳಿಸಿದ್ದೆ. ಆದ್ದರಿಂದ ಅವನ ಒಪ್ಪಿಗೆ ಪಡೆದು, ಅಂದು ಮೇಜಿನಲ್ಲಿದ್ದ ನೆಂಟರಿಗೂ ನನ್ನ ತಪ್ಪನ್ನು ತಿಳಿಸಿದೆ. ಅದು ಮೊದಲಿನದಕ್ಕಿಂತ ಕಷ್ಟವಾಗಿತ್ತು.

ಆಸ್ತಿಯ ಜಗಳಗಳಿಗೂ ಈ ಮಾತು ಸಲ್ಲುತ್ತದೆ. ಒಂದೇ ದೇವಾಲಯದ ಎರಡು ಬದಿಗಳಲ್ಲಿ ಕುಳಿತು, ಶಾಂತಿಯ ವಿನಿಮಯದ ಹೊತ್ತಿಗೆ ಬೆನ್ನು ತಿರುಗಿಸುವ ಒಡಹುಟ್ಟಿದವರು ಯಾವ ಊರಿನಲ್ಲಿಲ್ಲ? 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ತಂಗಿಯ ಪಾಲಿನ ಕಾಗದಕ್ಕೆ ‘ಸುಮ್ಮನೆ ಒಂದು ಸಹಿ’ ಹಾಕಿಸಿಕೊಂಡ ಅಣ್ಣನು ಹೊಸ ವರ್ಷಕ್ಕೆ ಅವಳ ಮನೆಗೆ ಕೇಕು ಕಳುಹಿಸಿದರೆ ಪರಿಹಾರವಾಗದು. ಬಲಿಪೀಠದ ಬಳಿ ಕಾಣಿಕೆ ತಂದವನಿಗೆ ಸೋದರನ ದೂರು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ರಾಜಿಯಾಗಬೇಕೆಂದು ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಬೋಧಿಸಿದ್ದಾರೆ. ಹೋಗಬೇಕಾದವನು ಕಾಣಿಕೆ ತಂದವನು. ದೂರಿರುವವನು ಬರಲಿ ಎಂದು ಕಾಯುವ ಅವಕಾಶವನ್ನು ಪ್ರಭು ನಮಗೆ ಕೊಟ್ಟಿಲ್ಲ.

ಈ ಜನವರಿಯಲ್ಲಿ

ಹೊಸ ವರ್ಷಕ್ಕೆ ಸಂಕಲ್ಪ ಮಾಡುವ ಪರಿಪಾಠವಿದೆ. ತೂಕ ಇಳಿಸುವುದು, ನಡೆಯುವುದು, ಉಳಿತಾಯ ಮಾಡುವುದು. ಇವೆಲ್ಲ ಒಬ್ಬರೇ ಮಾಡಿಕೊಳ್ಳುವ ಸಂಕಲ್ಪಗಳು. ಮುರಿದರೂ ಒಬ್ಬರಿಗೇ ಗೊತ್ತು. ಕುಟುಂಬಕ್ಕೆ ಬೇಕಾದ ಸಂಕಲ್ಪ ಇನ್ನೊಬ್ಬರ ಮುಂದೆ ನಿಂತು ಮಾಡುವಂತಹದ್ದು. ಈ ತಿಂಗಳಲ್ಲಿ ಬಿಕರ್ನಕಟ್ಟೆಯ ಬಾಲಯೇಸುವಿನ ಹಬ್ಬವಿದೆ, ಅತ್ತೂರಿನ ಸಂತ ಲಾರೆನ್ಸರ ಹಬ್ಬವಿದೆ. ನಮ್ಮ ಕುಟುಂಬಗಳು ಹರಕೆ ಹೊತ್ತು ಹೋಗುತ್ತವೆ, ಮೇಣದ ಬತ್ತಿ ಉರಿಸುತ್ತವೆ. ಹೋಗುವ ಮುಂಚೆ ಮನೆಯೊಳಗಿನ ಒಂದು ಬಾಗಿಲನ್ನು ತಟ್ಟಿ ಹೋಗೋಣ.

ದೂರದಲ್ಲಿರುವ ಮಕ್ಕಳಿಗೆ ಇಂದು ಮುಖ ನೋಡಿಯೇ ಮಾತಾಡುವ ಸೌಕರ್ಯವಿದೆ. ಮೊಬೈಲನ್ನು ನಾವು ಬೈಯುತ್ತೇವೆ; ಅದೇ ಮೊಬೈಲಿನಲ್ಲಿ ಒಮ್ಮೆ ಮಗಳನ್ನು ಕರೆದು, ಊಟವಾಯಿತೇ ಎಂಬ ಪ್ರಶ್ನೆಯ ಬಳಿಕ ಇನ್ನೊಂದು ಪ್ರಶ್ನೆಯನ್ನು ಕೇಳೋಣ: ‘ನಾನು ನಿನಗೆ ಆಡಿದ ಯಾವ ಮಾತು ಇನ್ನೂ ನಿನ್ನಲ್ಲಿ ಉಳಿದಿದೆ?’ ಉತ್ತರ ಕೂಡಲೇ ಬಾರದಿರಬಹುದು. ಬಂದ ಉತ್ತರ ಅನ್ಯಾಯವೆಂದೂ ತೋರಬಹುದು. ವಾದಿಸದೆ ಕೇಳಿಸಿಕೊಂಡರೆ ಅಷ್ಟೇ ಸಾಕು. ದೇವಮಾತೆಯಂತೆ ಮನದಲ್ಲಿ ಇಟ್ಟುಕೊಳ್ಳುವ ಕೆಲಸ ಬಳಿಕ ನಿಧಾನವಾಗಿ ನಡೆಯುತ್ತದೆ.

ನನಗೆ ಒಂದು ಕೊರಗು ಉಳಿದಿದೆ. ಆಸ್ಪತ್ರೆಯ ಬಾಗಿಲಿನ ಆ ಮಾತಿಗೆ ಕ್ಷಮೆ ಬೇಡಲು ನನ್ನ ಅತ್ತೆಯವರು ಮೂವತ್ತೈದು ವರ್ಷ ಕಾದರು. ನಾನು ನಾಲ್ಕು ವರ್ಷ ಕಾದೆ. ಅವರ ಜೊತೆ ನಾನು ಮನಸ್ಸು ಬಿಚ್ಚಿ ಬದುಕಿದ್ದು ಕೊನೆಯ ಮೂರು ತಿಂಗಳು ಮಾತ್ರ. ಆ ಮೂರು ತಿಂಗಳಲ್ಲಿ ಅವರು ತಮ್ಮ ತವರಿನ ಕಥೆಗಳನ್ನು ಹೇಳಿದರು, ನನ್ನ ಆ ಕೂಸಿಗೆಂದು ತಾವು ಹೊಲಿದಿಟ್ಟಿದ್ದ ಪುಟ್ಟ ಅಂಗಿಯ ವಿಷಯ ಹೇಳಿದರು. ಆ ಅಂಗಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಕಳೆದ ಮೂವತ್ತೈದು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಎಷ್ಟು ಮಾತುಗಳನ್ನು ಕಳೆದುಕೊಂಡೆವು!

ನಿಮ್ಮ ಮನೆಯಲ್ಲಿ ಹಾಗಾಗದಿರಲಿ. ಮಕ್ಕಳು ಬೆಸಾಂವ್ ಬೇಡಿ ಕೈಮುಗಿದು ನಿಂತಾಗ, ಹರಸುವ ಮುಂಚೆ ಅವರ ಮುಖವನ್ನು ಒಮ್ಮೆ ನೋಡಿರಿ. ಹೇಳಬೇಕಾದದ್ದು ಏನಾದರೂ ಇದ್ದರೆ ಅದನ್ನು ಹೇಳಿ, ಬಳಿಕ ಕೈ ಎತ್ತಿರಿ. ಎಲ್ಲ ಕುಟುಂಬಗಳಿಗೂ ಹೊಸ ವರ್ಷದ ಶುಭಾಶಯಗಳು.